ದೊಡ್ಡವ್ವೆ ಹೇಳದ ಹೆಸರು

ಹಟ್ಟಿ

ವಿಲಾಯಿತಿಗೆ ಹೊರಡುವ ಮೊದಲು, ಯಾರು ಏನೇನು ತರಲು ಹೇಳಿದರು ಎಂಬುದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಅಪ್ಪನಿಗೆ ಉಣ್ಣೆಯ ಕಾಲುಚೀಲ, ಅವ್ವೆಗೆ ಸೂಜಿಗಳ ಪೊಟ್ಟಣ, ತಮ್ಮನಿಗೆ ಕೈಗಡಿಯಾರ, ಊರ ಗೌಡರಿಗೆ ಗಾಳಿಗೆ ಮಗುಚಿಕೊಳ್ಳದ ಕೊಡೆ. ಐದನೆಯ ಸಾಲಿನಲ್ಲಿ 'ದೊಡ್ಡಪ್ಪನ ಹೆಸರು' ಎಂದಿದೆ. ಪಟ್ಟಿಯಲ್ಲಿ ತೂಕವಿಲ್ಲದ್ದು ಅದೊಂದೇ. ಸುಲಭವಾಗಿ ಆಗಿಬಿಡುವ ಕೆಲಸವೆಂದು ತಿಳಿದಿದ್ದೆ.

ಬೆಟ್ಟದ ಮೇಲಿನ ನಮ್ಮ ಹಟ್ಟಿ ಕೋತಗಿರಿಯಿಂದ ಒಂದು ಗಂಟೆಯ ನಡಿಗೆ. ಬಡಗರಲ್ಲಿ ಲಿಂಗ ಕಟ್ಟುವ ಮನೆತನ ನಮ್ಮದು. ಆಲೂಗಡ್ಡೆ, ಬಾರ್ಲಿ, ಬೆಳ್ಳುಳ್ಳಿ ಬೆಳೆಯುತ್ತೇವೆ. ಹಿತ್ತಲ ಇಳಿಜಾರಿನಲ್ಲಿ ನಾಲ್ಕು ಟೀ ಗಿಡಗಳೂ ಇವೆ. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ನಮ್ಮ ಬೆಟ್ಟದಲ್ಲೇ ಇರುವ ವೆಲ್ಲಿಂಗ್ಟನ್ನಿನ ದಂಡಿನ ಲಾಯದಲ್ಲಿ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಿದ್ದ. ಯುದ್ಧ ಬಂದಾಗ ಕತ್ತೆಗಳನ್ನು ಫ್ರಾನ್ಸಿಗೆ ಕಳಿಸಿದರು, ಕತ್ತೆಗಳ ಜೊತೆ ದೊಡ್ಡಪ್ಪನನ್ನೂ ಕಳಿಸಿದರು. ಅಲ್ಲಿ ಜರ್ಮನರು ಅವನನ್ನು ಏನೂ ಮಾಡಲಿಲ್ಲ. ನಮ್ಮ ಬೆಟ್ಟದಿಂದಲೇ ಹೋದ ಒಂದು ಕತ್ತೆ ತೊಡೆಗೆ ಒದೆಯಿತು. ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿದ್ದು, ಅಲ್ಲಿಂದ ಒಂದು ಕಾಗದ ಹಾಕಿದ. ಕಾಲು ಕೂಡಿಕೊಂಡಿದೆ, ಇಂಥ ಬಂದರಿನಿಂದ ನಮ್ಮನ್ನು ಮತ್ತೆ ಫ್ರಾನ್ಸಿನ ಹಡಗು ಹತ್ತಿಸುತ್ತಾರಂತೆ, ಒದ್ದ ಕತ್ತೆಯನ್ನು ನಾನು ಕ್ಷಮಿಸಿಲ್ಲ, ಎಂದು ಬರೆದಿದ್ದ. ಅದೇ ಕೊನೆಯ ಕಾಗದ. ಆಮೇಲೆ ಬಂದದ್ದು ಸರ್ಕಾರದ ಕಾಗದ: ಕಾಣೆಯಾಗಿದ್ದಾನೆ, ಸತ್ತಿರಬಹುದೆಂದು ಭಾವಿಸಲಾಗಿದೆ.

"ಭಾವಿಸಲಿ," ಅಂದಳಂತೆ ಅವನ ಹೆಂಡತಿ, ನನ್ನ ದೊಡ್ಡವ್ವೆ. "ಭಾವಿಸೋದಕ್ಕೇ ಅವರಿಗೆ ಸಂಬಳ."

ಈ ಮಾತಿಗೆ ಈಗ ಹದಿನೈದು ವರ್ಷ ಮೀರಿತು. ಪ್ರತಿ ವರ್ಷ ಬಾರ್ಲಿ ಕೊಯ್ಲು ಮುಗಿದ ಮೇಲೆ ಊರ ಗೌಡರು ನಮ್ಮ ಅಂಗಳದಲ್ಲಿ ಕೂತು, "ಸತ್ತವನನ್ನು ಸತ್ತವರ ಜೊತೆ ಸೇರಿಸಬೇಕಮ್ಮ, ಕರ್ಮ ಮಾಡಿ ಮುಗಿಸೋಣ," ಅನ್ನುತ್ತಾರೆ. ಪ್ರತಿ ವರ್ಷ ದೊಡ್ಡವ್ವೆ ಬಳೆ ತೊಟ್ಟ ಕೈಯಿಂದಲೇ ಅವರಿಗೆ ಮಜ್ಜಿಗೆ ಕೊಟ್ಟು, ಆಗುವುದಿಲ್ಲ ಅನ್ನುತ್ತಾಳೆ. ಕರ್ಮ ಆದರೆ ಬಳೆ ಹೋಗುತ್ತದೆ. ಆಗದಿದ್ದರೆ ದೊಡ್ಡಪ್ಪ ಎಲ್ಲಿಯೂ ಸೇರದೆ ಉಳಿಯುತ್ತಾನೆ. ಅವಳು ಹೆಂಡತಿಯೋ ವಿಧವೆಯೋ ಎಂಬುದು ಇಡೀ ಹಟ್ಟಿಯ ಚಿಂತೆ. ಅವಳೊಬ್ಬಳಿಗೆ ಆ ಚಿಂತೆ ಇದ್ದಂತೆ ಕಾಣಲಿಲ್ಲ.

ಹೀಗಿರುವಾಗ ಒಬ್ಬ ಪಿಂಚಣಿ ಹವಾಲ್ದಾರ ಅವಳ ಕಿವಿಗೆ ಒಂದು ಸುದ್ದಿ ಹಾಕಿದ. ಆ ಬಂದರಿನ ಕಡಲ ದಂಡೆಯ ಮೇಲೆ, ಅಲ್ಲಿಂದ ಹಡಗು ಹತ್ತಿದ ಸಿಪಾಯಿಗಳಿಗಾಗಿ ದೊಡ್ಡ ಕಲ್ಲು ನಿಲ್ಲಿಸಿದ್ದಾರೆ, ಸತ್ತವರ ಹೆಸರುಗಳನ್ನೆಲ್ಲ ಅದರಲ್ಲಿ ಕೊರೆದಿದ್ದಾರೆ, ಎಂದು. ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ, ಉಪಾಧ್ಯಾಯಿನಿಯಾಗುವ ತರಬೇತಿಗೆ ಒಂದು ವರ್ಷ ಲಂಡನ್ನಿಗೆ ಹೊರಟಿದ್ದೆ. ದೊಡ್ಡವ್ವೆ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಮಾತನ್ನು ನಮ್ಮ ಮನೆಯಲ್ಲಿ ಆಡುವಂತೆಯೇ ಬರೆದರೆ ಮೈಸೂರಿನವರಿಗೆ ತಿಳಿಯಲಿಕ್ಕಿಲ್ಲ, ಸ್ವಲ್ಪ ಬಾಚಿ ಬರೆದಿದ್ದೇನೆ.

"ಕೂಸೇ, ಆ ಕಲ್ಲು ನೋಡಿ ಬಾ. ಹೆಸರು ಇದ್ರೆ ಗೌಡರು ಹೇಳಿದ ಹಾಗೆ ಮಾಡ್ಲಿ, ನಾನು ಅಡ್ಡ ಬರೋದಿಲ್ಲ. ಇಲ್ದಿದ್ರೆ ಇನ್ನು ಮೇಲೆ ಯಾರೂ ನನ್ನ ಅಂಗಳದಲ್ಲಿ ಕೂತು ಆ ಮಾತು ಎತ್ತಬಾರದು."

"ಆಗಲಿ ದೊಡ್ಡವ್ವೆ. ದಂಡಿನ ಕಾಗದದಲ್ಲಿ ಹೆಸರನ್ನ ಹೇಗೆ ಬರೆಸಿದ್ದ?"

ದೊಡ್ಡವ್ವೆ ಟೀ ಗಿಡದ ಒಂದು ಎಲೆ ಚಿವುಟಿ, ಅದರ ಎರಡು ಬದಿಯನ್ನೂ ನೋಡಿದಳು.

ಅವಳು ಗಂಡನ ಹೆಸರು ಹೇಳುವುದಿಲ್ಲ. ನಮ್ಮ ಕಡೆ ಯಾವ ಹೆಂಗಸೂ ಹೇಳುವುದಿಲ್ಲ, ಅದೇನು ವಿಶೇಷವಲ್ಲ. ಆದರೆ ದೊಡ್ಡಪ್ಪನ ಹೆಸರು ಬೆಳ್ಳಿ. ಹಾಗಾಗಿ ಬೆಳ್ಳಿಯ ಕಾಲಂದಿಗೆ ದೊಡ್ಡವ್ವೆಯ ಬಾಯಲ್ಲಿ 'ಬಿಳಿಯ ಒಡವೆ'. ಬೆಳಗಿನ ಬೆಳ್ಳಿ ಚುಕ್ಕಿ 'ಕೋಳಿ ಕೂಗೋ ಹೊತ್ತಿನದು'. ಬೆಳ್ಳುಳ್ಳಿ ಬೆಳೆಯುವ ಮನೆಯ ಸೊಸೆ ಅದನ್ನು 'ನಾರೋ ಗಡ್ಡೆ' ಅಂದುಕೊಂಡೇ ಇಷ್ಟು ವರ್ಷ ಸಂತೆಗೆ ಕಳಿಸಿದ್ದಾಳೆ. ನಮ್ಮ ಬೆಟ್ಟದಲ್ಲಿ ಶುಕ್ರವಾರಕ್ಕೂ ಬೆಳ್ಳಿ ಎಂದೇ ಹೆಸರು. ದೊಡ್ಡವ್ವೆಯ ವಾರದಲ್ಲಿ ಮಾತ್ರ ಅದು 'ಶನಿವಾರದ ಹಿಂದಿನ ದಿನ'.

"ನಿನಗೆ ಗೊತ್ತಿಲ್ವೆ?" ಅಂದಳು ಕೊನೆಗೆ. "ಗೊತ್ತಿದ್ದನ್ನ ಕೇಳೋದಕ್ಕೇ ನಿನ್ನನ್ನ ಅಷ್ಟು ಓದಿಸಿದ್ದಾ? ಇನ್ನೊಂದು ಮಾತು. ಅವರ ಬಾಯಿಗೆ ಕೊನೇಲಿ ನೀರು ಬಿಟ್ಟವರು ಯಾರು ಅಂತ ತಿಳ್ಕೊಂಡು ಬಾ."

ಕಲ್ಲು ಅದನ್ನು ಹೇಳುವುದಿಲ್ಲ ಎಂದು ಯೋಚಿಸಿ, ಈ ಎರಡನೆಯ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಳ್ಳಲೂ ಇಲ್ಲ.

ಹೊರಡುವ ದಿನ ಕೋತಗಿರಿಯ ಬಸ್ಸಿನ ಹತ್ತಿರ ಅಪ್ಪ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. "ಹೆಸರು ಇದ್ರೂ ಇಲ್ದಿದ್ರೂ ಇದೆ ಅಂತಲೇ ಬರಿ ಮಗಳೇ. ನನ್ನ ಅಣ್ಣನಿಗೆ ಒಂದು ದಾರಿ ಆಗಲಿ."

ನಾನು ಪೆಟ್ಟಿಗೆ ಒಳಗೆ ತಳ್ಳಿ ಹತ್ತಿ ಕೂತೆ. ಬಸ್ಸು ಹೊರಟಿತು.

ಹಡಗು

ಹಡಗಿನ ವಿಷಯ ಎಲ್ಲರೂ ಬರೆಯುತ್ತಾರೆ. ನಾನು ಎರಡೇ ಸಂಗತಿ ಹೇಳುತ್ತೇನೆ.

ಒಂದು, ಸಮುದ್ರ ಸಮತಟ್ಟಾಗಿದೆ. ಓದಿ ತಿಳಿದಿದ್ದೆ, ಆದರೆ ಕಣ್ಣು ಹಾಯುವಷ್ಟು ದೂರ ಒಂದು ಏರೂ ಇಲ್ಲದ ಜಾಗವನ್ನು ನಾನು ಎಂದೂ ನೋಡಿರಲಿಲ್ಲ. ಉಳಿದವರಿಗೆ ಹಡಗು ಅಲ್ಲಾಡಿದಾಗ ತಲೆ ತಿರುಗಿತು, ನನಗೆ ಅದು ಅಲ್ಲಾಡದೆ ನಿಂತಾಗ ತಿರುಗಿತು.

ಎರಡು, ನನ್ನ ಜೊತೆಗೆ ಒಂದೇ ಕೋಣೆಯಲ್ಲಿದ್ದ ಮದರಾಸಿನ ನರ್ಸಮ್ಮ. ಮಾಂಸ ತಿನ್ನದ ನನ್ನನ್ನು ಬದುಕಿಸುವುದು ತನ್ನ ಹೊಣೆಯೆಂದು ಅವರು ತಿಳಿದಿದ್ದರು. ಊಟದ ಮನೆಯ ಬಟ್ಲರನನ್ನು ಕರೆದು, "ಈ ಹುಡುಗಿಗೆ ನೆಲದಲ್ಲಿ ಬೆಳೆದದ್ದು ಏನಾದರೂ ಕೊಡಿ," ಅಂದರು. ಅವನು ಬೇಯಿಸಿದ ಆಲೂಗಡ್ಡೆ ತಂದ. ಮರುದಿನವೂ ತಂದ. ಇಪ್ಪತ್ತೆರಡು ದಿನ ತಂದ. ಆಲೂಗಡ್ಡೆ ಬೆಳೆಯುವ ಮನೆಯಿಂದ ತಪ್ಪಿಸಿಕೊಂಡು ಅಷ್ಟು ನೀರು ದಾಟಿ ಹೋದರೆ, ಅದು ನನಗಿಂತ ಮೊದಲೇ ಹೋಗಿ ತಟ್ಟೆಯಲ್ಲಿ ಕೂತಿತ್ತು.

ಮಿಸೆಸ್ ಕ್ರಂಪ್ ಅವರ ಮನೆ

ಈಸ್ಟರ್ ರಜೆಯಲ್ಲಿ ಆ ಬಂದರಿಗೆ ಹೋದೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿ ನನಗೆ ಒಳ್ಳೆಯದು ಮಾಡಿದವರಿದ್ದಾರೆ.

ಮಿಸೆಸ್ ಕ್ರಂಪ್ ಎಂಬ ವಿಧವೆ ಕಡಲಿಗೆ ಮುಖ ಮಾಡಿದ ತಮ್ಮ ಮನೆಯಲ್ಲಿ ಪ್ರವಾಸಿಗಳಿಗೆ ಕೋಣೆ ಕೊಡುತ್ತಿದ್ದರು. ಬಾಗಿಲು ತೆರೆದವರೇ ನನ್ನ ಸೀರೆ ನೋಡಿ, ಒಳಗೆ ಹೋಗಿ ಎರಡು ಕಂಬಳಿ ತಂದರು.

"ನಿಮಗೆ ಈ ಚಳಿ ತಡೆಯೋದಿಲ್ಲ ಪಾಪ. ನಿಮ್ಮ ದೇಶ ಬಿಸಿಲಿನದು."

ನಮ್ಮ ಊರಿನಲ್ಲಿ ಮಾಘದ ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಉಪ್ಪಿನ ಹಾಗೆ ಗಟ್ಟಿಯಾಗಿರುತ್ತದೆ, ಇಲ್ಲಿನ ಚಳಿ ನನಗೆ ಹಿತವಾಗಿದೆ, ಎಂದೆ. ಅವರು ನನ್ನ ಕೈ ತಟ್ಟಿ ಮೂರನೆಯ ಕಂಬಳಿ ತಂದರು. ಬಿಸಿಲಿನ ದೇಶದವರು ಧೈರ್ಯಕ್ಕೆ ಹೀಗೆ ಹೇಳಿಕೊಳ್ಳುತ್ತಾರೆಂದು ಅವರ ನಂಬಿಕೆ. ಅಲ್ಲಿದ್ದ ನಾಲ್ಕು ದಿನವೂ ನನಗೆ ಸೆಕೆಯಾಗಿ, ಅವರು ಅತ್ತ ಹೋದ ಕೂಡಲೇ ಕಿಟಕಿ ತೆಗೆಯುತ್ತಿದ್ದೆ, ಅವರು ಬಂದು ಮುಚ್ಚುತ್ತಿದ್ದರು.

ಬೆಳಗಿನ ತಿಂಡಿಯ ಮೇಜಿನ ಮುಂದೆ ದೊಡ್ಡ ಕಿಟಕಿ. ಅದರಾಚೆ ರಸ್ತೆ, ರಸ್ತೆಯಾಚೆ ಹುಲ್ಲು, ಹುಲ್ಲಿನ ತುದಿಯಲ್ಲಿ ಎತ್ತರದ ಕಲ್ಲಿನ ಕಂಬ. ಅದರ ಬುಡದಲ್ಲಿ ಕಂಚಿನ ಸಿಪಾಯಿ, ಬೆನ್ನ ಮೇಲೆ ಗಂಟು, ಹೆಗಲ ಮೇಲೆ ಬಂದೂಕು, ಮುಖ ಸಮುದ್ರದ ಕಡೆಗೆ.

"ನಿಲ್ಲಿಸುವಾಗ ಊರಲ್ಲಿ ದೊಡ್ಡ ಜಗಳ," ಎಂದರು ಮಿಸೆಸ್ ಕ್ರಂಪ್. "ಹೊರಟವನು ಸಮುದ್ರದ ಕಡೆ ನೋಡಬೇಕು ಅಂತ ಕಮಿಟಿಯವರು. ಊರ ಕಡೆ ತಿರುಗಿಸಿ ಅಂತ ಹೋಟೆಲಿನವರು. ಕಮಿಟಿ ಗೆದ್ದಿತು. ಈಗ ಈ ಸಾಲಿನ ಮನೆಯವರೆಲ್ಲ ದಿನಾ ಬೆಳಗ್ಗೆ ಅವನ ಹಿಂಭಾಗ ನೋಡಿಕೊಂಡು ಮೊಟ್ಟೆ ತಿನ್ನಬೇಕು."

ನಾನು ಆಲೂಗಡ್ಡೆ ತಿಂದೆ.

ಕಲ್ಲು

ಊರ ಗೌಡರ ಕೊಡೆಯನ್ನು ಲಂಡನ್ನಿನಲ್ಲೇ ಕೊಂಡಿದ್ದೆ. ಯಾವ ಗಾಳಿಗೂ ಮಗುಚದು ಎಂದು ಅಂಗಡಿಯವನು ಆಣೆ ಮಾಡಿದ್ದ. ಪರೀಕ್ಷೆ ಆಗಲಿ ಎಂದು ಅದನ್ನೇ ಹಿಡಿದು ಕಂಬದ ಕಡೆ ನಡೆದೆ. ಹುಲ್ಲು ಮುಗಿಯುವ ಮೊದಲೇ ಕೊಡೆ ಮಗುಚಿ, ಕಡ್ಡಿಗಳೆಲ್ಲ ಮೇಲೆದ್ದು ನಿಂತವು. ಹಾಗಾಗಿ ಯುದ್ಧದಲ್ಲಿ ಮಡಿದವರ ಮುಂದೆ ನಾನು ಮೊದಲ ಸಲ ನಿಂತದ್ದು, ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೊಡೆಯ ಜೊತೆ ಕಾದಾಡುತ್ತ.

ಒಬ್ಬ ಮುದುಕ ಬಂದು ಅದನ್ನು ಕಿತ್ತುಕೊಂಡು, ಮೊಣಕಾಲಿಗೆ ಹೊಡೆದು ಸರಿ ಮಾಡಿ ಕೊಟ್ಟ. ಕಂಬದ ಕಾವಲುಗಾರ, ಹಳೆಯ ಸಾರ್ಜೆಂಟು. ಅವನ ಮುಖ್ಯ ಕೆಲಸ ಕಂಚಿನ ಸಿಪಾಯಿಯ ತಲೆಯ ಮೇಲಿಂದ ಕಡಲಹಕ್ಕಿಗಳನ್ನು ಓಡಿಸುವುದು. ಹಕ್ಕಿಗಳು ಅವನಿಗೆ ಹೆದರುವ ಹಾಗೆ ಕಾಣಲಿಲ್ಲ. ಸಿಪಾಯಿಯ ಒಂದು ಕಿವಿ ಪೂರ್ತಿ ಬೆಳ್ಳಗಾಗಿತ್ತು.

"ಬಂದೂಕು ತಪ್ಪು ಹೆಗಲ ಮೇಲಿದೆ ನೋಡಿ," ಎಂದ ಅವನು. "ಶಿಲ್ಪಿ ದಂಡಿನಲ್ಲಿ ಇದ್ದವನಲ್ಲ. ನನ್ನ ಕೈಕೆಳಗೆ ಹೀಗೆ ನಿಂತಿದ್ದರೆ ಒಂದು ವಾರ ಲಾಯ ತೊಳೆಸುತ್ತಿದ್ದೆ."

ನಮ್ಮ ಹಟ್ಟಿಯ ಕೆಳಗಿನ ದಾರಿಯಲ್ಲೂ ಒಂದು ವೀರಗಲ್ಲು ಇದೆ. ಯಾರದೆಂದು ಯಾರಿಗೂ ತಿಳಿಯದು. ಎಮ್ಮೆಗಳು ಅದಕ್ಕೆ ಬೆನ್ನು ಉಜ್ಜಿ ಉಜ್ಜಿ ವೀರನ ಮೂಗು ಸವೆದುಹೋಗಿದೆ. ಊರು ಯಾವುದಾದರೂ ವೀರರ ಪಾಡು ಇಷ್ಟೇ ಎಂದುಕೊಂಡು, ಕಂಬವನ್ನು ಸುತ್ತಿ ಹೆಸರು ಹುಡುಕಿದೆ. ಪೂರ್ವದ ಬದಿಯಲ್ಲಿ ಒಂದು ಹಾರ. ಉತ್ತರದ ಬದಿಯಲ್ಲಿ ಒಂದು ಸಿಂಹ, ಶಿಲ್ಪಿ ಅದನ್ನೂ ನೋಡಿದವನಲ್ಲ. ಪಶ್ಚಿಮದ ಬದಿಯಲ್ಲಿ ಬರೆಹ: ಈ ದಂಡೆಯಿಂದ ಹೊರಟವರೆಲ್ಲರ ನೆನಪಿಗೆ. ದಕ್ಷಿಣದ ಬದಿ ಖಾಲಿ.

ಇನ್ನೊಂದು ಸುತ್ತು ಬಂದೆ. ನಾನು ಎಣಿಸಿ, ಸರಿನೋಡಿ ಕೆಲಸ ಮಾಡುವವಳು. ಮೂರನೆಯ ಸುತ್ತೂ ಬಂದೆ.

"ಹೆಸರುಗಳು ಎಲ್ಲಿ?" ಎಂದು ಕೇಳಿದೆ.

"ಹೆಸರುಗಳಿಲ್ಲ ಮಿಸ್. ಲಕ್ಷಗಟ್ಟಲೆ ಜನ ಇಲ್ಲಿಂದ ಹೋದರು. ಎಲ್ಲರ ಹೆಸರು ಕೊರೆದರೆ ಕಂಬ ಚಂದ್ರನಿಗೆ ತಗಲುತ್ತಿತ್ತು."

ಹವಾಲ್ದಾರ ಬೇರೆ ಯಾವುದೋ ಕಲ್ಲಿನ ವಿಷಯ ಕೇಳಿ, ಈ ಕಲ್ಲಿಗೆ ಹಚ್ಚಿದ್ದ. ಅವನನ್ನು ಮನಸ್ಸಿನಲ್ಲೇ ಬೈದೆ. ಹೆಸರು ಇಲ್ಲ ಎಂದು ಬರೆದರೆ ದೊಡ್ಡವ್ವೆಯ ಅಂಗಳ ನಿಶ್ಶಬ್ದವಾಗುತ್ತದೆ, ದೊಡ್ಡಪ್ಪ ಎಂದೆಂದಿಗೂ ಭಾವಿಸಲಾದವನಾಗಿಯೇ ಉಳಿಯುತ್ತಾನೆ. ಇದೆ ಎಂದು ಬರೆದರೆ ಬಳೆ ಒಡೆಯುವುದು ನನ್ನ ಸುಳ್ಳಿನಿಂದ. ಅಪ್ಪ ಸುಳ್ಳು ಹೇಳಲು ಹೇಳಿದ್ದು ಇಪ್ಪತ್ತಮೂರು ವರ್ಷದಲ್ಲಿ ಅದೇ ಮೊದಲು, ಅದಕ್ಕಾಗಿಯೇ ಆ ಮಾತು ಭಾರವಾಗಿತ್ತು. ಕಂಬದ ಮೆಟ್ಟಿಲ ಮೇಲೆ ಕೂತೆ. ಸಮುದ್ರ ಯಥಾಪ್ರಕಾರ ಸಮತಟ್ಟಾಗಿತ್ತು.

ನನ್ನ ಮುಖ ನೋಡಿ ಸಾರ್ಜೆಂಟನಿಗೆ ಏನನ್ನಿಸಿತೋ. "ಇಂಡಿಯಾದವರದೂ ಒಂದಿದೆ ಮಿಸ್," ಎಂದು ತನ್ನ ಗೂಡಿನಿಂದ ಒಂದು ಚಿತ್ರದ ಕಾರ್ಡು ತಂದುಕೊಟ್ಟ. "ಈ ಕಾರ್ಡನ್ನು ಬಹಳ ಜನ ಇಷ್ಟಪಡುತ್ತಾರೆ. ಕೆಲವರು ಕಣ್ಣೀರು ಹಾಕಿದ್ದೂ ಉಂಟು."

ಕಾರ್ಡಿನಲ್ಲಿ ಯಾವುದೋ ಪುಸ್ತಕದ ಪುಟದ ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ 'ಒಬ್ಬ ಭಾರತೀಯ ಯೋಧನ ಪ್ರಾರ್ಥನೆ' ಎಂದು ಅಚ್ಚು ಹಾಕಿದ್ದರು. ಫೋಟೋದಲ್ಲಿ, ದಪ್ಪ ಪೆನ್ಸಿಲಿನಿಂದ, ಶಾಲೆಯಲ್ಲಿ ಮೂರನೆಯ ತರಗತಿಗೆ ನಿಲ್ಲಿಸಿದವರ ಗುಂಡು ಗುಂಡು ಕನ್ನಡ ಅಕ್ಷರ:

ಇದು ಟೀ ಅಲ್ಲ, ನೀರು. ಬೆಳ್ಳಿ.

ಇಂಗ್ಲೆಂಡಿಗೆ ಬಂದು ಆರು ತಿಂಗಳಲ್ಲಿ ನಾನು ಗಟ್ಟಿಯಾಗಿ ನಕ್ಕಿರಲಿಲ್ಲ. ಆ ಕಂಬದ ಬುಡದಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು. ಸಾರ್ಜೆಂಟು ಟೊಪ್ಪಿ ತೆಗೆದು ತಲೆ ತಗ್ಗಿಸಿ ನಿಂತ.

"ಹೇಳಲಿಲ್ಲವೆ," ಎಂದ ಮೆಲ್ಲಗೆ, "ಕಣ್ಣೀರು ಹಾಕುತ್ತಾರೆಂದು."

ಮಿಸ್ ಡಾಬ್ಸ್ ಅವರ ಪುಸ್ತಕ

ಆ ಪುಟ ಇದ್ದದ್ದು ಮಿಸ್ ಡಾಬ್ಸ್ ಎಂಬವರ ಹತ್ತಿರ, ಅವರ ಮನೆಗೆ ಸಾರ್ಜೆಂಟೇ ದಾರಿ ಹೇಳಿದ. ಯುದ್ಧದ ಕಾಲದಲ್ಲಿ ಅವರೂ ಅವರ ಅಕ್ಕನೂ ಬಂದರಿನ ಕಟ್ಟೆಯ ಮೇಲೆ, ಹಡಗು ಹತ್ತುವ ಸಿಪಾಯಿಗಳಿಗೆ ಟೀ, ಬನ್ನು ಹಂಚುತ್ತಿದ್ದರು. ಕುಡಿದವರ ಕೈಯಲ್ಲಿ ಒಂದು ದಪ್ಪ ಪುಸ್ತಕದಲ್ಲಿ ಹೆಸರು ಬರೆಸುತ್ತಿದ್ದರು. ಅಕ್ಕ ಈಗಿಲ್ಲ. ಮಿಸ್ ಡಾಬ್ಸ್‌ಗೆ ಎಪ್ಪತ್ತು ದಾಟಿದೆ, ಕಡ್ಡಿಯ ಹಾಗೆ ನೆಟ್ಟಗಿದ್ದಾರೆ. ಪುಸ್ತಕವನ್ನು ವೆಲ್ವೆಟ್ಟಿನ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ.

ನಾನು ಯಾರೆಂದು ಹೇಳಿದ ಕೂಡಲೇ ಅವರು ಕುರ್ಚಿಯಿಂದ ಎದ್ದು ನಿಂತರು. ಅಂಥ ಮರ್ಯಾದೆ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ.

"ನಿಮ್ಮ ದೊಡ್ಡಪ್ಪ," ಎಂದರು. "ಬಂಗಾಳದಲ್ಲಿ ಮೂವತ್ತು ವರ್ಷ ಇದ್ದ ಒಬ್ಬ ಪಾದ್ರಿಗಳಿಗೆ ಇದನ್ನು ತೋರಿಸಿದ್ದೆ. ಸಂಸ್ಕೃತ, ಸಮುದ್ರದೇವತೆಗೆ ಮಾಡಿದ ಪ್ರಾರ್ಥನೆ ಇರಬೇಕು ಎಂದರು. ಕಂಬವನ್ನು ತೆರೆದ ದಿನ ಅವರೇ ಇದರ ವಿಷಯ ಭಾಷಣ ಮಾಡಿದರು. ನೀವು ಓದಬಲ್ಲಿರಾ? ಏನು ಬರೆದಿದ್ದಾರೆ?"

ಅವರು ಆಗಲೇ ನನ್ನ ಮುಂದೆ ಟೀ ಇಟ್ಟಿದ್ದರು. ಬಟ್ಟಲಿನ ತಳದಲ್ಲಿ ಬಿಡಿಸಿದ್ದ ಹೂವಿನ ಒಂದೊಂದು ಎಸಳೂ ಟೀಯೊಳಗಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ದೊಡ್ಡಪ್ಪ ಉತ್ಪ್ರೇಕ್ಷೆ ಮಾಡಿರಲಿಲ್ಲ.

ಸುಳ್ಳು ಹೇಳುವುದು ನನಗೆ ಬಾರದು. ನಿಜ ಹೇಳುವುದಕ್ಕೆ ಆ ವೆಲ್ವೆಟ್ಟು ಬಿಡಲಿಲ್ಲ.

"ನೀರಿನ ವಿಷಯ ಬರೆದಿದ್ದಾನೆ," ಎಂದೆ.

"ಹಾಗಾದರೆ ಪಾದ್ರಿಗಳು ಹೇಳಿದ್ದು ಸರಿ," ಎಂದು ಅವರು ಉಸಿರು ಬಿಟ್ಟರು. "ಸಮುದ್ರವೇ."

ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ. ಕುಂಟುತ್ತ ಬಂದ ತೆಳ್ಳಗಿನ ಮನುಷ್ಯ. ಮೊದಲ ಗುಟುಕು ಕುಡಿದು ಮಗ್ಗಿನ ಒಳಗೆ ಬಹಳ ಹೊತ್ತು ನೋಡಿದ. "ಕೃತಜ್ಞತೆಯಿಂದ," ಎಂದರು ಮಿಸ್ ಡಾಬ್ಸ್. ಆಮೇಲೆ ಪೆನ್ಸಿಲು ಕೇಳಿ ಬರೆದ. ಬರೆದ ಮೇಲೆ ಇನ್ನೊಂದು ಮಗ್ ಕುಡಿದ. ಅಷ್ಟರಲ್ಲಿ ಹಡಗಿನ ಸೀಟಿ ಆಯಿತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಗಂಟು, ಆದರೂ ಮೂರನೆಯ ಮಗ್ಗಿನ ಕಡೆ ನೋಡುತ್ತಿದ್ದ. ಮಿಸ್ ಡಾಬ್ಸ್ ಅದನ್ನು ತಾವೇ ಅವನ ಬಾಯಿಗೆ ಹಿಡಿದರು. ಕುಡಿದು, ತಲೆ ತಗ್ಗಿಸಿ, ಹಲಗೆ ಏರಿ ಹೋದ. ಆ ಹಡಗು ಸುಖವಾಗಿಯೇ ಆಚೆ ದಡ ಸೇರಿತಂತೆ. ಅಲ್ಲಿಂದ ಮುಂದಿನದು ಇಲ್ಲಿ ಯಾರಿಗೂ ಗೊತ್ತಿಲ್ಲ.

"ನಮ್ಮ ಟೀ ಅವರಿಗೆ ಅಷ್ಟು ಹಿಡಿಸಿತ್ತು," ಎಂದರು ಮಿಸ್ ಡಾಬ್ಸ್.

ನಾನು ನನ್ನ ಬಟ್ಟಲನ್ನು ಪೂರ್ತಿ ಕುಡಿದೆ. ಅದು ಬಿಟ್ಟರೆ ಆ ದಿನ ಅವರಿಗೆ ಬೇರೇನೂ ಮಾಡಲು ನನ್ನಿಂದಾಗಲಿಲ್ಲ.

ಇದನ್ನೆಲ್ಲ ಊರಿಗೆ ಕಾಗದದಲ್ಲಿ ಬರೆಯಲಿಲ್ಲ. ಕಲ್ಲು ನೋಡಿದೆ, ಬಂದು ಹೇಳುತ್ತೇನೆ, ಎಂದಷ್ಟೇ ತಿಳಿಸಿದೆ. ಓದು ಮುಗಿಯುವವರೆಗೂ ಆ ಕಾರ್ಡು ನನ್ನ ವ್ಯಾಕರಣ ಪುಸ್ತಕದಲ್ಲಿ ಗುರುತಿನ ಚೀಟಿಯಾಗಿತ್ತು. ಪುಸ್ತಕ ತೆಗೆದಾಗಲೆಲ್ಲ ದೊಡ್ಡಪ್ಪ ಟೀಯನ್ನು ದೂರುತ್ತಿದ್ದ.

ಮತ್ತೆ ಹಟ್ಟಿ

ಕೋತಗಿರಿಯಲ್ಲಿ ಬಸ್ಸು ಇಳಿದಾಗ ಅಪ್ಪ ಮೊದಲು ಕೇಳಿದ್ದು, "ಇದೆ ತಾನೆ?" ಎಂದು.

"ಇಲ್ಲ ಅಪ್ಪ. ಕಲ್ಲಿನಲ್ಲಿ ಯಾರ ಹೆಸರೂ ಇಲ್ಲ."

ಅಪ್ಪ ನನ್ನ ಪೆಟ್ಟಿಗೆ ಎತ್ತಿಕೊಂಡರು. ಹಟ್ಟಿ ಸೇರುವವರೆಗೆ ಒಂದು ಗಂಟೆ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು.

ಮರುದಿನ ಬೆಳಗ್ಗೆ ಊರ ಗೌಡರು ಕೊಡೆಯ ನೆಪದಲ್ಲಿ ಬಂದು ಅಂಗಳದಲ್ಲಿ ಕೂತರು. ಅವರ ಜೊತೆ ಇನ್ನೂ ಐದಾರು ಜನ, ಅವರಿಗೆ ಯಾವ ನೆಪವೂ ಇರಲಿಲ್ಲ. ದೊಡ್ಡವ್ವೆ ಹೊಸ್ತಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಎಲ್ಲರಿಗೂ ಕೇಳುವ ಹಾಗೆ, ಕಲ್ಲಿನಲ್ಲಿ ಹೆಸರು ಇಲ್ಲ ಎಂದೆ.

"ಮುಗೀತಲ್ಲ," ಅಂದಳು ದೊಡ್ಡವ್ವೆ ಸುಲಿಯುವುದನ್ನು ನಿಲ್ಲಿಸದೆ. "ಗೌಡರೇ, ಮಜ್ಜಿಗೆ ಕುಡೀರಿ. ಇನ್ನು ಆ ಮಾತು ಬೇಡ."

"ಆದರೆ ಹೆಸರು ಬೇರೆ ಕಡೆ ಇದೆ," ಎಂದು ಕಾರ್ಡು ತೆಗೆದೆ. "ಒಂದು ಪುಸ್ತಕದಲ್ಲಿ. ದೊಡ್ಡಪ್ಪನೇ ಬರೆದದ್ದು."

ಅಪ್ಪ ಎದ್ದು ಬಂದರು. ಅಕ್ಷರದ ಗುರುತು ಅವರಿಗೆ ಹತ್ತಿತು, ಮುಖ ತಿರುಗಿಸಿದರು. ದೊಡ್ಡವ್ವೆಗೆ ಓದು ಬಾರದು.

"ಓದು," ಅಂದಳು.

"ಇದು ಟೀ ಅಲ್ಲ, ನೀರು. ಅಷ್ಟೇ ಇದೆ. ಕೆಳಗೆ ಹೆಸರು."

ದೊಡ್ಡವ್ವೆ ನಕ್ಕಳು. ಅವಳ ನಗು ಹೇಗಿರುತ್ತದೆಂದು ಮರೆತೇಹೋಗಿತ್ತು.

"ಮದುವೆಯಾದ ಮೂರನೇ ದಿನ ನನ್ನ ಟೀಗೂ ಇದೇ ಮಾತು," ಅಂದಳು. "ಅಲ್ಲಿ ಹೋಗಿ ಬಿಳೀ ಹೆಂಗಸಿಗೂ ಅಂದ್ರಾ? ಮೊದ್ಲಿಂದ ಹೇಳು ಕೂಸೇ. ಏನೂ ಬಿಡಬೇಡ."

ಚಿಕ್ಕ ಪುಸ್ತಕ ತೆಗೆದು, ಬರೆದುಕೊಂಡದ್ದನ್ನು ಹಾಗೆಯೇ ಓದಿದೆ. ಮಗ್ಗಿನೊಳಗೆ ನೋಡಿದ್ದು, ಪೆನ್ಸಿಲು ಕೇಳಿದ್ದು, ಎರಡನೆಯ ಮಗ್, ಹಡಗಿನ ಸೀಟಿ. ಮೂರನೆಯ ಮಗ್ಗಿಗೆ ಬಂದಾಗ ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು.

"ಅದನ್ನ ಇನ್ನೊಂದು ಸಲ ಹೇಳು."

"ಎರಡು ಕೈಯೂ ಬಿಡುವಿರಲಿಲ್ಲ. ಅದಕ್ಕೆ ಮಿಸ್ ಡಾಬ್ಸ್ ತಾವೇ ಬಾಯಿಗೆ ಹಿಡಿದರು. ಕುಡಿದು ಹೋದ."

"ಅವಳೇ ಬಾಯಿಗೆ ಬಿಟ್ಟಳು?"

"ಹೌದು."

"ನೀರು."

"ಟೀ, ದೊಡ್ಡವ್ವೆ."

"ನೀರು ಅಂತ ಅವರೇ ಬರೆದಿದ್ದಾರಲ್ಲ," ಅಂದಳು ದೊಡ್ಡವ್ವೆ.

ನನ್ನ ಪುಸ್ತಕದಲ್ಲಿ ನಾನು ಬರೆದುಕೊಳ್ಳದ ಎರಡನೆಯ ಪ್ರಶ್ನೆ ಆಗ ನೆನಪಾಯಿತು. ಉತ್ತರ ನನ್ನ ಕೈಯಲ್ಲೇ ಇತ್ತು, ಆರು ತಿಂಗಳಿಂದ.

ಊರ ಗೌಡರು ಗಂಟಲು ಸರಿಮಾಡಿಕೊಂಡರು. "ಅಲ್ಲಮ್ಮ, ಆಮೇಲೆ ಆಚೆ ದಡದಲ್ಲಿ ಏನಾಯಿತೋ. ಅದೂ ಅಲ್ಲದೆ, ಬೇರೆ ಜಾತಿಯ ಹೆಂಗಸಿನ ಕೈ ನೀರು ಕರ್ಮಕ್ಕೆ ಲೆಕ್ಕಕ್ಕೆ ಬರುತ್ತದೆಯೇ?"

"ಗೌಡರೇ, ಸಂತೆ ದಿನ ಕೋತಗಿರಿಯಲ್ಲಿ ನೀವು ಯಾರ ಕೈಯ ಟೀ ಕುಡಿದು ಬರ್ತೀರಿ ಅಂತ ಹೇಳ್ಲಾ?"

ಗೌಡರು ಕೊಡೆಯನ್ನು ಬಿಚ್ಚಿ, ಮುಚ್ಚಿ, ಒಳ್ಳೆಯ ಕೊಡೆ ಎಂದರು.

ದೊಡ್ಡವ್ವೆ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. "ಹದಿನೈದು ವರ್ಷ ನನಗೆ ಅದೊಂದೇ. ಒಣಗಿದ ಬಾಯಲ್ಲಿ ಹೋದ್ರು ಅಂತ. ನೀರು ದಾಟೋ ಮೊದಲು ಒಬ್ಬಳು ಬಾಯಿಗೆ ಬಿಟ್ಟಿದ್ದಾಳೆ, ಸಾಕು. ದಿನ ನೋಡಿ ಗೌಡರೇ. ಮಾಡಿ ಮುಗಿಸಿ."

ಅಪ್ಪ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟರು.

ಕರ್ಮದ ದಿನದ ವಿಷಯ ಬರೆಯುವುದಿಲ್ಲ. ಬಳೆಯನ್ನು ಅವಳೇ ತೆಗೆದಳು, ಯಾರೂ ಮುಟ್ಟಬಾರದು ಅಂದಳು.

ಅದಾಗಿ ಒಂದು ವಾರಕ್ಕೆ ಹಿತ್ತಲ ಗಿಡಗಳಿಂದ ಎಳೆಯ ಎಲೆ ಚಿವುಟಿ, ಕೈಯಲ್ಲೇ ಉಜ್ಜಿ, ಒಲೆಯ ಮೇಲೆ ಒಣಗಿಸಿ, ಬಟ್ಟೆಯಲ್ಲಿ ಒಂದು ಪೊಟ್ಟಣ ಕಟ್ಟಿದಳು. ಮಿಸ್ ಡಾಬ್ಸ್‌ಗೆ ಕಳಿಸಬೇಕಂತೆ. ಅದರ ಜೊತೆಗೆ ನಾನು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದೆ. ಕಾರ್ಡಿನಲ್ಲಿರುವ ಮಾತಿನ ಅರ್ಥವನ್ನು ಸರಿಯಾಗಿ ತಿಳಿಸಿದೆ, ಅದು ನಮ್ಮ ಮನೆಯಲ್ಲಿ ಏನು ಮಾಡಿತು ಎಂಬುದನ್ನೂ ತಿಳಿಸಿದೆ. ಪಾದ್ರಿಗಳಿಗೆ ಹೇಳುವುದು ಬಿಡುವುದು ಮಿಸ್ ಡಾಬ್ಸ್‌ಗೆ ಸೇರಿದ್ದು.

"ಒಳಗೆ ಒಂದು ಚೀಟಿ ಹಾಕು," ಅಂದಳು ದೊಡ್ಡವ್ವೆ ದಾರ ಬಿಗಿಯುತ್ತ. "'ಇದು ಟೀ' ಅಂತ ಬರಿ."

"ಇಂಗ್ಲಿಷಿನಲ್ಲಾ?"

"ನಮ್ಮ ಅಕ್ಷರದಲ್ಲೇ. ಅವಳು ನೋಡಿ ನೋಡಿ ಗುರುತು ಹಿಡಿದಿರ್ತಾಳೆ."

ದೊಡ್ಡ ಅಕ್ಷರದಲ್ಲಿ ಬರೆದೆ. "ಕೆಳಗೆ ಯಾರು ಅಂತ ಹಾಕಲಿ?"

"ಬೆಳ್ಳಿ," ಅಂದಳು.

ವಾರ ಹೇಳಿದಳೆಂದು ತಿಳಿದೆ. "ಇವತ್ತು ಬುಧವಾರ ದೊಡ್ಡವ್ವೆ."

"ವಾರ ಅಲ್ಲ ಕೂಸೇ," ಅಂದಳು. "ಬರಿ."